ಹಳೆ ಓಮ್ನಿಯ ಹೆಡ್‌ಲೈಟ್ ಮಂದವೇ? ಬಲ್ಬ್ ಕೊಳ್ಳುವ ಮೊದಲು ವೋಲ್ಟ್ ಅಳೆಯಿರಿ

ಅಣ್ಣಿಗೇರಿಯಿಂದ ಹುಬ್ಬಳ್ಳಿ ಮಾರ್ಕೆಟ್‌ಗೆ ನಸುಕಿನ ನಾಲ್ಕಕ್ಕೆ ಕೊತ್ತಂಬರಿ, ಮೆಂತ್ಯೆ, ಬದನೆಕಾಯಿ ಹೇರಿಕೊಂಡು ಹೋಗುವ ಓಮ್ನಿ ನಮ್ಮದು. 2006ರ ಗಾಡಿ. ಎಂಜಿನ್ ಇನ್ನೂ ಗಟ್ಟಿಯಾಗಿದೆ. ಹೆಡ್‌ಲೈಟ್ ಮಾತ್ರ ವರ್ಷದಿಂದ ವರ್ಷಕ್ಕೆ ಮಂದವಾಗುತ್ತ ಬಂತು. ಒಂದೇ ದಿನಕ್ಕೆ ಮಂದವಾಗಿದ್ದರೆ ಗೊತ್ತಾಗುತ್ತಿತ್ತು, ಸಾವಕಾಶ ಆದದ್ದರಿಂದ ಕಣ್ಣು ಅದಕ್ಕೇ ಒಗ್ಗಿಹೋಗಿತ್ತು. ಒಂದು ನಸುಕಿನಲ್ಲಿ ನಲವಡಿ ದಾಟಿದ ಮೇಲೆ, ಹತ್ತಿ ಹೇರಿದ ಟ್ರೇಲರ್ ಒಂದು ಪಂಕ್ಚರ್ ಆಗಿ ರಸ್ತೆಯ ಮೇಲೇ ನಿಂತಿತ್ತು. ಹಿಂದೆ ಕೆಂಪು ದೀಪ ಇಲ್ಲ, ರಿಫ್ಲೆಕ್ಟರ್ ಪಟ್ಟಿ ಇಲ್ಲ. ಅದು ನನ್ನ ಕಣ್ಣಿಗೆ ಬಿದ್ದಾಗ ನಡುವೆ ಇಪ್ಪತ್ತು ಮೀಟರ್ ಕೂಡ ಉಳಿದಿರಲಿಲ್ಲ. ಸ್ಟೇರಿಂಗ್ ಬಲಕ್ಕೆ ಎಳೆದೆ. ಎದುರಿಗೆ ಗಾಡಿ ಬರುತ್ತಿರಲಿಲ್ಲ, ಅದಕ್ಕೇ ಉಳಿದೆ.

ಮನೆಗೆ ಬಂದು ಲೆಕ್ಕ ಹಾಕಿದೆ. ಗಂಟೆಗೆ 60 ಕಿ.ಮೀ. ಎಂದರೆ ಸೆಕೆಂಡಿಗೆ ಹತ್ತಿರ ಹತ್ತಿರ 17 ಮೀಟರ್. ಕಂಡದ್ದು ತಲೆಗೆ ಹೋಗಿ ಕಾಲು ಬ್ರೇಕಿಗೆ ಬರಲು ಒಂದೂವರೆ ಸೆಕೆಂಡ್ ಹಿಡಿದರೆ ಅಲ್ಲಿಗೇ 25 ಮೀಟರ್ ಮುಗಿಯಿತು. ಒಣ ರಸ್ತೆಯಲ್ಲಿ ಒಳ್ಳೆಯ ಬ್ರೇಕ್ ಇದ್ದರೂ ಗಾಡಿ ನಿಲ್ಲಲು ಮತ್ತೆ ಅಷ್ಟೇ ಬೇಕು. ಒಟ್ಟು 50 ಮೀಟರ್. ನನ್ನ ಡಿಪ್ ಲೈಟ್ ಅದರ ಅರ್ಧ ದಾರಿಯನ್ನೂ ತೋರಿಸುತ್ತಿರಲಿಲ್ಲ.

ಆಗ ನಾನು ಮಾಡಿದ್ದು ಎಲ್ಲರೂ ಮಾಡುವ ತಪ್ಪು. ಒಂದು ಅಂಗಡಿಗೆ ಹೋಗಿ, ಕಂಪನಿ ಕೊಟ್ಟ 60/55 ವ್ಯಾಟ್‌ನ (ಮೊದಲ ಅಂಕಿ ಬ್ರೈಟ್‌ಗೆ, ಎರಡನೆಯದು ಡಿಪ್‌ಗೆ) ಬಲ್ಬಿನ ಬದಲು 100/90ರ ಜೋಡಿ ತಂದು ಹಾಕಿಸಿದೆ. ಎರಡು ವಾರ ಬೆಳಕು ಸ್ವಲ್ಪ ಜಾಸ್ತಿ ಅನಿಸಿತು. ಮೂರನೆಯ ವಾರ ಸುಟ್ಟ ಪ್ಲಾಸ್ಟಿಕ್ ವಾಸನೆ ಬಂತು. ಬಲಗಡೆಯ ಹೋಲ್ಡರ್ ಕರಗಿ ಬಲ್ಬಿನ ಕಾಲುಗಳಿಗೇ ಅಂಟಿಕೊಂಡಿತ್ತು. ನಮ್ಮೂರಿನ ವೈರಿಂಗ್ ಮಿಸ್ತ್ರಿ ಕಾಕಾ ಅದನ್ನು ಕಟ್ಟಿಂಗ್ ಪ್ಲೈಯರ್‌ನಿಂದ ಬಿಡಿಸುತ್ತ ಕೇಳಿದ್ದು ಇಷ್ಟೇ: "ತಮ್ಮಾ, ಹೊಲಕ್ಕ ನೀರ ಬರವಲ್ದು ಅಂದ್ರ ಕಾಲುವಿ ಹೂಳ ತಗೀಬೇಕೋ, ಜ್ವಾಳ ಕಿತ್ತು ಕಬ್ಬ ಹಚ್ಚಬೇಕೋ?"

ಹಳೆ ಗಾಡಿಯ ಮಂದ ಲೈಟಿನ ವಿಷಯ ಆ ಮಾತಿನಲ್ಲೇ ಇದೆ. ಹೆಚ್ಚಿನ ಸಲ ಬಲ್ಬಿನಲ್ಲಿ ದೋಷ ಇರುವುದಿಲ್ಲ, ಬಲ್ಬಿನವರೆಗೆ ಕರೆಂಟ್ ಪೂರ್ತಿ ಬರುತ್ತಿರುವುದಿಲ್ಲ. ಕಾಕಾನ ಜೊತೆ ಕೂತು ನನ್ನ ಗಾಡಿಯಲ್ಲಿ ದೋಷ ಹುಡುಕಿದ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಓಮ್ನಿಯಷ್ಟೇ ಅಲ್ಲ, ಎಚ್‌4 ಬಲ್ಬ್ (ಡಿಪ್, ಬ್ರೈಟ್ ಎರಡೂ ಒಂದರಲ್ಲೇ ಇರುವ ಬಲ್ಬ್) ಇರುವ ಯಾವುದೇ ಹಳೆ ವ್ಯಾನಿಗೂ ಇದು ಹೊಂದುತ್ತದೆ.

ಬಿಚ್ಚುವ ಮೊದಲು ನೋಡಿ

ಕತ್ತಲಾದ ಮೇಲೆ ಗಾಡಿಯನ್ನು ಗೋಡೆಯ ಮುಂದೆ ನಿಲ್ಲಿಸಿ ಲೈಟ್ ಹಾಕಿ. ಬೆಳಕಿನ ಬಣ್ಣ ನೋಡಿ. ಪೂರ್ತಿ ವೋಲ್ಟ್ ಸಿಗುವ ಹ್ಯಾಲೋಜೆನ್ ಬೆಳಕು ತುಸು ಹಳದಿ ಬೆರೆತ ಬಿಳಿ ಇರುತ್ತದೆ. ಚಿಮಣಿ ಬುಡ್ಡಿಯ ಹಾಗೆ ಕೆಂಪಗೆ ಕಂಡರೆ ಬಲ್ಬಿಗೆ ವೋಲ್ಟ್ ಸಾಲುತ್ತಿಲ್ಲ. ಎರಡೂ ಕಡೆ ಒಂದೇ ಸಮ ಮಂದ ಇದ್ದರೆ ಬ್ಯಾಟರಿ, ಆಲ್ಟರ್ನೇಟರ್, ಸ್ವಿಚ್, ಇಲ್ಲವೇ ಎರಡಕ್ಕೂ ಸೇರಿದ ವೈರನ್ನು ಅನುಮಾನಿಸಿ. ಒಂದೇ ಕಡೆ ಮಂದ ಇದ್ದರೆ ಆ ಕಡೆಯ ಹೋಲ್ಡರ್ ಅಥವಾ ಅರ್ಥಿಂಗ್, ಅಂದರೆ ಕರೆಂಟ್ ಗಾಡಿಯ ಬಾಡಿಯ ಮೂಲಕ ಬ್ಯಾಟರಿಯ ಮೈನಸ್‌ಗೆ ವಾಪಸ್ ಹೋಗುವ ದಾರಿ. ನಿಂತಾಗ ಮಂದ, ರೇಸ್ ಕೊಟ್ಟರೆ ಬೆಳಗುತ್ತದೆ ಎಂದರೆ ಮೊದಲು ಫ್ಯಾನ್ ಬೆಲ್ಟ್ ಸಡಿಲವೇ ನೋಡಿ, ಆಮೇಲೆ ಆಲ್ಟರ್ನೇಟರ್.

ಇನ್ನೊಂದು ಲಕ್ಷಣ ವಿಚಿತ್ರವಾಗಿ ಕಾಣುತ್ತದೆ. ಇಂಡಿಕೇಟರ್ ಹಾಕಿದಾಗ ಹೆಡ್‌ಲೈಟೂ ಅದರ ತಾಳಕ್ಕೆ ಮಿಣುಕುತ್ತದೆ. ಅಥವಾ ಡಿಪ್ ಹಾಕಿದರೆ ಒಂದು ಬಲ್ಬಿನಲ್ಲಿ ಬ್ರೈಟ್ ಫಿಲಮೆಂಟೂ ಸಣ್ಣಗೆ ಕೆಂಪಾಗುತ್ತದೆ. ಬಹಳ ಮಂದಿ ಇದನ್ನು ಸ್ವಿಚ್ ದೋಷ ಎಂದುಕೊಂಡು ಸ್ವಿಚ್ ಬದಲಿಸಿ ರೊಕ್ಕ ಕಳೆದುಕೊಳ್ಳುತ್ತಾರೆ. ಇದು ಅರ್ಥಿಂಗ್ ಕೆಟ್ಟ ಗುರುತು. ತನ್ನ ದಾರಿ ಮುಚ್ಚಿದ್ದರಿಂದ ಕರೆಂಟ್ ಬೇರೆ ಫಿಲಮೆಂಟಿನೊಳಗಿಂದ ಬ್ಯಾಟರಿಗೆ ವಾಪಸ್ ಹೋಗುವ ದಾರಿ ಹುಡುಕುತ್ತಿರುತ್ತದೆ.

ಈಗ ಲೈಟಿನ ಗಾಜು. ಮುಂದಿನ ಹೊದಿಕೆ ಪ್ಲಾಸ್ಟಿಕ್ ಇದ್ದು ಹಳದಿಗಟ್ಟಿದ್ದರೆ 800, 1500, 2000ರ ನೀರು ಕಾಗದದಿಂದ (ವಾಟರ್ ಪೇಪರ್) ಕ್ರಮವಾಗಿ ಉಜ್ಜಿ ಪಾಲಿಶ್ ಹಚ್ಚಿದರೆ ತಿಳಿಯಾಗುತ್ತದೆ. ಗಾಜಿನದಾದರೆ ತೊಳೆದರೆ ಸಾಕು. ನಮ್ಮ ಕಡೆಯ ಎರೆಮಣ್ಣಿನ ಧೂಳು ಒಳಗೂ ಸೇರುತ್ತದೆ, ಮಳೆಗಾಲದಲ್ಲಿ ಅದೇ ಕೆಸರಾಗಿ ರಿಫ್ಲೆಕ್ಟರಿಗೆ ಅಂಟುತ್ತದೆ. ಆದರೆ ಒಳಗಿನ ಬೆಳ್ಳಿ ಹೊಳಪನ್ನು ಬಟ್ಟೆಯಿಂದ ಒರೆಸಬೇಡಿ. ಅದು ಅಲ್ಯೂಮಿನಿಯಮ್‌ನ ತೀರ ತೆಳು ಲೇಪ, ಒರೆಸಿದರೆ ಬಟ್ಟೆಗೇ ಬರುತ್ತದೆ. ಹೊಳಪು ಹೋಗಿ ಬೂದಿ ಬಣ್ಣವಾಗಿದ್ದರೆ ಲೈಟ್ ಬಾಕ್ಸನ್ನೇ ಬದಲಿಸಬೇಕು, ಯಾವ ಬಲ್ಬೂ ಅದನ್ನು ಉಳಿಸಲಾರದು.

ಬಲ್ಬಿನ ಹತ್ತಿರ ಎಷ್ಟು ವೋಲ್ಟ್?

ಈ ಕೆಲಸಕ್ಕೆ ಸಾದಾ ಡಿಜಿಟಲ್ ಮಲ್ಟಿಮೀಟರ್ ಸಾಕು. ಟೆಸ್ಟ್ ಲ್ಯಾಂಪ್ ಸಾಲದು, ಅದು ಕರೆಂಟ್ ಇದೆಯೋ ಇಲ್ಲವೋ ಎಂದಷ್ಟೇ ಹೇಳುತ್ತದೆ.

ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ: ಅಳೆಯುವಾಗ ಬಲ್ಬ್ ಉರಿಯುತ್ತಿರಬೇಕು. ಹೋಲ್ಡರ್ ಕಳಚಿ ಅಳೆದರೆ ಅತಿ ಕೆಟ್ಟ ವೈರಿನಲ್ಲೂ 12 ವೋಲ್ಟ್ ಪೂರ್ತಿ ತೋರಿಸುತ್ತದೆ. ಕರೆಂಟ್ ಹರಿಯದಿದ್ದರೆ ನಷ್ಟವೂ ಇಲ್ಲ. ನಾನು ಮೊದಲ ದಿನ ಹಾಗೇ ಅಳೆದು "ಎಲ್ಲಾ ಬರೋಬ್ಬರಿ ಐತಿ ಕಾಕಾ" ಎಂದು ಹೇಳಿ ಒಂದು ವಾರ ಕಳೆದೆ.

ಎಂಜಿನ್ ಚಾಲು ಮಾಡಿ, ಸ್ವಲ್ಪ ರೇಸ್ ಇಟ್ಟು, ಡಿಪ್ ಹಾಕಿ. ಮೊದಲು ಬ್ಯಾಟರಿಯ ಎರಡು ಟರ್ಮಿನಲ್ ನಡುವೆ ಅಳೆಯಿರಿ. 13.8ರಿಂದ 14.4ರ ನಡುವೆ ಬಂದರೆ ಆಲ್ಟರ್ನೇಟರ್ ಸರಿ ಇದೆ. 13ಕ್ಕಿಂತ ಕೆಳಗಿದ್ದರೆ ಹೆಡ್‌ಲೈಟಿನ ಕೆಲಸ ಅಲ್ಲಿಗೇ ನಿಲ್ಲಿಸಿ ಚಾರ್ಜಿಂಗ್ ಸರಿಪಡಿಸಿ. 15ರ ಹತ್ತಿರ ಇದ್ದರೆ ರೆಗ್ಯುಲೇಟರ್ ಕೆಟ್ಟಿದೆ. ಬಲ್ಬ್ ಮೇಲಿಂದ ಮೇಲೆ ಹೋಗುವವರು ಇದನ್ನು ತಪ್ಪದೆ ನೋಡಬೇಕು. ವೋಲ್ಟ್ ನೂರಕ್ಕೆ ಐದು ಹೆಚ್ಚಾದರೂ ಬಲ್ಬಿನ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ.

ಆಮೇಲೆ ಹೋಲ್ಡರ್ ಕಳಚದೆ, ಅದರ ಹಿಂದಿನಿಂದ ಮೀಟರಿನ ಕಡ್ಡಿಗಳನ್ನು ತೂರಿಸಿ, ಡಿಪ್ ಪಿನ್ ಮತ್ತು ಕಾಮನ್ ಪಿನ್ (ಡಿಪ್, ಬ್ರೈಟ್ ಎರಡಕ್ಕೂ ಸೇರಿದ್ದು) ನಡುವೆ ಅಳೆಯಿರಿ. ನನ್ನ ಗಾಡಿಯಲ್ಲಿ ಬ್ಯಾಟರಿಯ ಮೇಲೆ 13.9 ಇತ್ತು. ಎಡಗಡೆಯ ಬಲ್ಬಿನ ಮೇಲೆ 11.6, ಬಲಗಡೆ 11.2.

ಎರಡು ಮೂರು ವೋಲ್ಟ್ ಹೋದರೆ ಏನಾಯಿತು ಎನ್ನಬೇಡಿ. ಹ್ಯಾಲೋಜೆನ್ ಬಲ್ಬಿನ ಬೆಳಕು ವೋಲ್ಟಿನ ಜೊತೆ ಸಮಸಮ ಇಳಿಯುವುದಿಲ್ಲ, ಅದಕ್ಕಿಂತ ಬಹಳ ಬೇಗ ಬೀಳುತ್ತದೆ. ಬೆಳಕು ವೋಲ್ಟಿನ ಸುಮಾರು 3.4ನೇ ಘಾತದಂತೆ ಬದಲಾಗುತ್ತದೆ ಎಂಬುದು ಲೆಕ್ಕ. ಬಲ್ಬುಗಳ ಬೆಳಕನ್ನು ಅಳೆಯುವುದು 13.2 ವೋಲ್ಟಿನಲ್ಲಿ. ಅದರ ಶೇ. 90ರಷ್ಟು ವೋಲ್ಟ್ ಕೊಟ್ಟರೆ ಬೆಳಕು ಶೇ. 70 ಮಾತ್ರ. ನನ್ನ ಎಡಗಡೆಯ ಬಲ್ಬ್ ಶೇ. 64, ಬಲಗಡೆಯದು ಶೇ. 57 ಬೆಳಕು ಕೊಡುತ್ತಿತ್ತು. ಅಂದರೆ ಇಷ್ಟು ವರ್ಷ ಅರ್ಧಕ್ಕಿಂತ ತುಸು ಮೇಲಿನ ಬೆಳಕಿನಲ್ಲಿ ನಾನು ಗಾಡಿ ಓಡಿಸಿದ್ದೆ, ಅದೂ ಮನೆಯವರನ್ನು ಕೂರಿಸಿಕೊಂಡು.

ನಷ್ಟ ಎಲ್ಲಿ ಆಗುತ್ತಿದೆ ಎಂದು ತಿಳಿಯಲು ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಪ್ಲಸ್ ಮೇಲೆ, ಇನ್ನೊಂದನ್ನು ಬಲ್ಬಿನ ಡಿಪ್ ಪಿನ್ ಮೇಲೆ ಇಡಿ. ಬಲ್ಬ್ ಉರಿಯುತ್ತಿರಲಿ, ಕಡ್ಡಿಗೆ ಉದ್ದ ವೈರ್ ಜೋಡಿಸಿಕೊಳ್ಳಿ. ಮೀಟರ್ ತೋರಿಸುವ ಅಂಕಿಯೇ ಆ ದಾರಿಯಲ್ಲಿ ಕಳೆದುಹೋದ ವೋಲ್ಟ್. ಹಾಗೆಯೇ ಬಲ್ಬಿನ ಕಾಮನ್ (ಅರ್ಥ್) ಪಿನ್ನಿನಿಂದ ಬ್ಯಾಟರಿಯ ಮೈನಸ್‌ವರೆಗೆ ಅಳೆಯಿರಿ. ಎರಡೂ ಸೇರಿ ಅರ್ಧ ವೋಲ್ಟ್ ದಾಟಬಾರದು. ನನ್ನದರಲ್ಲಿ ಎಡಗಡೆ ಪ್ಲಸ್ ದಾರಿಯಲ್ಲಿ 1.5, ಅರ್ಥಿಂಗ್‌ನಲ್ಲಿ 0.8 ಹೋಗುತ್ತಿತ್ತು. ಒಂದೂವರೆ ವೋಲ್ಟ್, ಎರಡೂ ಬಲ್ಬಿನ ಸುಮಾರು 9 ಆಂಪಿಯರ್, ಗುಣಿಸಿದರೆ 13 ವ್ಯಾಟ್ ಮೇಲಾಯಿತು. ರಸ್ತೆಗೆ ಬೀಳಬೇಕಾದ ಆ ಶಕ್ತಿ ಸ್ವಿಚ್ಚು, ಕಪ್ಲರ್, ವೈರುಗಳನ್ನು ಕಾಯಿಸುತ್ತ ಕೂತಿತ್ತು. ಅದರ ಮೇಲೆ ನಾನು 100/90ರ ಬಲ್ಬ್ ಹಾಕಿ ಕರೆಂಟನ್ನು ಹತ್ತಿರ ಹತ್ತಿರ ಒಂದೂವರೆ ಪಟ್ಟು ಏರಿಸಿದ್ದೆ. ಹೋಲ್ಡರ್ ಕರಗದೆ ಇನ್ನೇನಾಗಬೇಕು?

ಅರ್ಥಿಂಗ್ ಮೊದಲು

ಇದು ಬಿಟ್ಟಿ ಕೆಲಸ, ಫಲ ಮಾತ್ರ ದೊಡ್ಡದು. ಬ್ಯಾಟರಿಯ ಮೈನಸ್ ಕಳಚಿ. ಲೈಟಿನ ಅರ್ಥ್ ವೈರ್ ಬಾಡಿಗೆ ಸೇರುವ ಬೋಲ್ಟ್ ಹುಡುಕಿ ಬಿಚ್ಚಿ. ಅಲ್ಲಿ ತುಕ್ಕು, ಪೇಂಟ್, ಹಸಿರುಗಟ್ಟಿದ ತಾಮ್ರ ಕಂಡೇ ಕಾಣುತ್ತದೆ. ನೀರು ಕಾಗದದಿಂದ ತಗಡು ಬೆಳ್ಳಗಾಗುವ ತನಕ ಉಜ್ಜಿ, ವೈರಿಗೆ ಹೊಸ ಲಗ್ (ತುದಿಗೆ ಒತ್ತಿ ಕೂರಿಸುವ ಲೋಹದ ತುಂಡು) ಹಾಕಿ, ಬಿಗಿದು, ಮೇಲೆ ಗ್ರೀಸ್ ಸವರಿ. ಬ್ಯಾಟರಿಯ ಮೈನಸ್ ಬಾಡಿಗೆ ಸೇರುವ ಜಾಗಕ್ಕೂ, ಎಂಜಿನ್‌ಗೆ ಸೇರುವ ಜಾಗಕ್ಕೂ ಇದೇ ಉಪಚಾರ. ಇಷ್ಟಕ್ಕೇ ನನ್ನ 0.8 ವೋಲ್ಟ್ 0.15ಕ್ಕೆ ಇಳಿಯಿತು.

ರಿಲೇ ಹಾಕುವುದು

ಹಳೆ ಗಾಡಿಗಳಲ್ಲಿ ಹೆಡ್‌ಲೈಟಿನ ಪೂರ್ತಿ ಕರೆಂಟ್ ಸ್ಟೇರಿಂಗ್ ಪಕ್ಕದ ಸ್ವಿಚ್ಚಿನೊಳಗಿಂದಲೇ ಹೋಗಿ ಬರುವುದುಂಟು. ತೆಳು ವೈರಿನಲ್ಲಿ ಅಷ್ಟು ಉದ್ದದ ದಾರಿ. ರಿಲೇ ಎಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಚ್ಚಿ ಆರಿಸುವ ಸ್ವಿಚ್. ರಿಲೇ ಹಾಕಿದರೆ ಸ್ವಿಚ್ಚಿನಲ್ಲಿ ರಿಲೇ ಎಳೆಯುವಷ್ಟು, ಅಂದರೆ ಅರ್ಧ ಆಂಪಿಯರಿಗಿಂತ ಕಡಿಮೆ ಕರೆಂಟ್ ಸಾಕು. ಬಲ್ಬಿಗೆ ಬೇಕಾದದ್ದು ಬ್ಯಾಟರಿಯಿಂದ ನೇರ ಬರುತ್ತದೆ.

ಎರಡು ರಿಲೇ ಬೇಕು: ಡಿಪ್‌ಗೊಂದು, ಬ್ರೈಟ್‌ಗೊಂದು. 12 ವೋಲ್ಟಿನ, 30 ಅಥವಾ 40 ಆಂಪಿಯರಿನ ಸಾದಾ ನಾಲ್ಕು ಕಾಲಿನದು. ಒಳಗೆ ಡಯೋಡ್ ಇರುವುದು ಬೇಡ. ಕಾಲುಗಳ ಮೇಲೆ 30, 87, 85, 86 ಎಂದು ಬರೆದಿರುತ್ತದೆ. 30ಕ್ಕೆ ಬ್ಯಾಟರಿಯ ಪ್ಲಸ್‌ನಿಂದ ಬರುವ ವೈರ್. 87ರಿಂದ ಎರಡೂ ಬಲ್ಬುಗಳಿಗೆ ಹೋಗುವ ವೈರ್. 85 ಮತ್ತು 86 ಒಳಗಿನ ಸುರುಳಿಯ ಎರಡು ತುದಿಗಳು.

ಬ್ಯಾಟರಿಯಿಂದ ಬರುವ ವೈರ್ 4 ಚದರ ಮಿ.ಮೀ. ಇರಲಿ, ರಿಲೇಯಿಂದ ಬಲ್ಬಿಗೆ 2.5 ಸಾಕು. ಒಂದೇ ವೈರ್ ತಂದು ಎರಡೂ ರಿಲೇಗೆ ಹಂಚುವ ಬದಲು ಬ್ಯಾಟರಿಯಿಂದಲೇ ಎರಡು ವೈರ್ ತನ್ನಿ, ಪ್ರತಿಯೊಂದಕ್ಕೂ 15 ಆಂಪಿಯರಿನ ಬೇರೆ ಫ್ಯೂಸ್ ಹಾಕಿ. ಒಂದು ಫ್ಯೂಸ್ ಹೋದರೂ ಇನ್ನೊಂದು ಬೆಳಕು ಉಳಿಯುತ್ತದೆ. ಗದಗ ರಸ್ತೆಯ ಕತ್ತಲಲ್ಲಿ ಎರಡೂ ಒಮ್ಮೆಲೇ ಹೋದರೆ ಏನಾಗುತ್ತದೆ ಎಂದು ಯೋಚಿಸಿದರೆ ಈ ಹೆಚ್ಚಿನ ವೈರಿನ ಖರ್ಚು ಖರ್ಚಲ್ಲ. ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನೊಳಗೆ ಇರಲಿ. ಫ್ಯೂಸಿಗಿಂತ ಮೊದಲಿನ ವೈರ್ ಎಲ್ಲಾದರೂ ತಗಡಿಗೆ ತಿಕ್ಕಿ ಶಾರ್ಟ್ ಆದರೆ ಅದನ್ನು ತಡೆಯುವವರು ಯಾರೂ ಇಲ್ಲ. ಓಮ್ನಿಯಲ್ಲಿ ಎಂಜಿನ್ ಮುಂದಿನ ಸೀಟಿನ ಕೆಳಗೇ ಇರುವುದರಿಂದ ವೈರ್ ಅದರ ಬಿಸಿಗೆ ತಾಗದ ಹಾಗೆ, ಸ್ಲೀವ್ ಹಾಕಿ ಕ್ಲಿಪ್ ಕೊಟ್ಟು ಎಳೆಯಬೇಕು. ರಿಲೇಯನ್ನು ಕಾಲು ಕೆಳಗೆ ಮಾಡಿ ಕೂರಿಸಿ, ಇಲ್ಲದಿದ್ದರೆ ಮಳೆನೀರು ಒಳಗೆ ನಿಲ್ಲುತ್ತದೆ.

ಈಗ ಮಿಸ್ತ್ರಿಗಳೂ ಎಡವುವ ಜಾಗ. ಕೆಲವು ಜಪಾನಿ ಮೂಲದ ಗಾಡಿಗಳಲ್ಲಿ ಸ್ವಿಚ್ ಪ್ಲಸ್ ಅನ್ನು ಕಡಿಯುವುದಿಲ್ಲ, ಅರ್ಥ್ ಅನ್ನು ಕಡಿಯುತ್ತದೆ. ಅಂದರೆ ಬಲ್ಬಿನ ಕಾಮನ್ ಪಿನ್ನಿಗೆ ಪ್ಲಸ್ ಇರುತ್ತದೆ, ಡಿಪ್ ಹಾಕಿದಾಗ ಡಿಪ್ ಪಿನ್ ಅರ್ಥ್ ಆಗುತ್ತದೆ. ಹೋಲ್ಡರ್ ಕಳಚಿ, ಲೈಟ್ ಸ್ವಿಚ್ ಹಾಕಿ, ಕಾಮನ್ ಪಿನ್ನಿಗೂ ಬಾಡಿಗೂ ನಡುವೆ ಮೀಟರ್ ಇಟ್ಟರೆ ಗೊತ್ತಾಗುತ್ತದೆ. ಅಲ್ಲಿ 12 ವೋಲ್ಟ್ ಬಂದರೆ ನಿಮ್ಮದು ಅರ್ಥ್ ಕಡಿಯುವ ಗಾಡಿ. ಇದನ್ನು ನೋಡದೆ 85ನ್ನು ಬಾಡಿಗೆ ಕಟ್ಟಿದರೆ ರಿಲೇ ಎಳೆಯುವುದೇ ಇಲ್ಲ, ಇಲ್ಲವೇ ಬಿಡುವುದೇ ಇಲ್ಲ.

ಕಾಕಾ ಮಾಡುವ ಉಪಾಯ ಎರಡೂ ಬಗೆಯ ಗಾಡಿಗೆ ನಡೆಯುತ್ತದೆ. ಸುರುಳಿಯ ಒಂದು ತುದಿಯನ್ನೂ ಬಾಡಿಗೆ ಕಟ್ಟುವುದಿಲ್ಲ. ಒಂದು ಕಡೆಯ ಹಳೆ ಹೋಲ್ಡರನ್ನು ತೆಗೆದುಕೊಂಡು, ಡಿಪ್ ರಿಲೇಯ 85–86ನ್ನು ಅದರ ಕಾಮನ್ ಮತ್ತು ಡಿಪ್ ಪಿನ್ನುಗಳ ನಡುವೆ, ಬ್ರೈಟ್ ರಿಲೇಯದನ್ನು ಕಾಮನ್ ಮತ್ತು ಬ್ರೈಟ್ ಪಿನ್ನುಗಳ ನಡುವೆ ಸೇರಿಸುತ್ತಾನೆ. ಬಲ್ಬ್ ಇದ್ದ ಜಾಗದಲ್ಲಿ ರಿಲೇ ಕೂತ ಹಾಗೆ. ಪ್ಲಸ್ ಯಾವ ಕಡೆಯಿಂದ ಬಂದರೂ ಸುರುಳಿಗೆ ಚಿಂತೆಯಿಲ್ಲ, ಅದಕ್ಕೇ ಡಯೋಡ್ ಬೇಡ ಎಂದದ್ದು. ಇನ್ನೊಂದು ಕಡೆಯ ಹಳೆ ಹೋಲ್ಡರಿಗೆ ಟೇಪ್ ಸುತ್ತಿ ಕಟ್ಟಿಟ್ಟುಬಿಡುವುದು. ಬಲ್ಬುಗಳಿಗೆ ಹೊಸ ಸೆರಾಮಿಕ್ ಹೋಲ್ಡರ್, ಅದರ ಕಾಮನ್‌ನಿಂದ ಉಜ್ಜಿ ಬೆಳ್ಳಗೆ ಮಾಡಿದ ಬಾಡಿಗೆ 2.5ರದೇ ಅರ್ಥ್ ವೈರ್. ಜೋಡಣೆಗಳನ್ನು ಬರಿಗೈಲಿ ತಿರುವಿ ಟೇಪ್ ಹಚ್ಚಬೇಡಿ. ಲಗ್ ಹಾಕಿ ಪ್ಲೈಯರಿನಲ್ಲಿ ಒತ್ತಿ, ಮೇಲೆ ಬಿಸಿಗೆ ಬಿಗಿಯುವ ಸ್ಲೀವ್ ಕೊಡಿ. ಹಳೆ ವೈರಿಂಗ್ ಎಲ್ಲೂ ಕತ್ತರಿಸದ ಕಾರಣ ದಾರಿಯಲ್ಲಿ ರಿಲೇ ಕೈಕೊಟ್ಟರೆ ಹೋಲ್ಡರ್ ಮೊದಲಿನ ಹಾಗೆ ಚುಚ್ಚಿ ಊರು ಸೇರಬಹುದು.

ಮುಗಿಸಿ ಅಳೆದಾಗ ಎರಡೂ ಬಲ್ಬಿನ ಮೇಲೆ 13.5 ವೋಲ್ಟ್ ಬಂತು. ಕಂಪನಿ ಕೊಟ್ಟ ಅದೇ 60/55 ವ್ಯಾಟಿನ ಬಲ್ಬ್. ಬಲಗಡೆಯ ಬೆಳಕು ಮೊದಲಿಗಿಂತ ದುಪ್ಪಟ್ಟಿಗೆ ಹತ್ತಿರ.

ಎಲ್‌ಇಡಿ ಹಾಕಲೇ?

ಎಲ್ಲರೂ ಇದನ್ನೇ ಕೇಳುತ್ತಾರೆ. ಎಚ್‌4 ಬಲ್ಬಿನೊಳಗೆ ಎರಡು ಫಿಲಮೆಂಟ್. ಡಿಪ್ ಫಿಲಮೆಂಟಿನ ಕೆಳಗೆ ಸಣ್ಣ ಲೋಹದ ಬಟ್ಟಲು ಇರುತ್ತದೆ. ಬೆಳಕು ರಿಫ್ಲೆಕ್ಟರಿನ ಮೇಲಿನ ಅರ್ಧಕ್ಕೆ ಮಾತ್ರ ಬಿದ್ದು, ಅಲ್ಲಿಂದ ಕೆಳಮುಖವಾಗಿ ರಸ್ತೆಗೆ ಹೋಗಲಿ ಎಂದು. ಆ ಫಿಲಮೆಂಟ್ ಒಂದೆರಡು ಮಿ.ಮೀ. ಆಚೀಚೆ ಆದರೂ ಬೆಳಕಿನ ಆಕಾರ ಕೆಡುತ್ತದೆ. ಆ ರಿಫ್ಲೆಕ್ಟರಿಗೆ ಎಲ್‌ಇಡಿ ಚುಚ್ಚಿದರೆ ಚಿಪ್ಪಿನ ಜಾಗ, ಆಕಾರ ಬೇರೆಯಾದ್ದರಿಂದ ಬೆಳಕು ಮೇಲಕ್ಕೂ ಚೆದುರಿ ಎದುರಿನವನ ಕಣ್ಣಿಗೆ ಬೀಳುತ್ತದೆ. ಗಾಡಿಯ ಮುಂದೆ ಹತ್ತು ಮೀಟರ್ ಬೆಳ್ಳಗೆ ಕಾಣುತ್ತದೆ, ನಮಗೆ ಸಂತೋಷವಾಗುತ್ತದೆ, ಆದರೆ ಬೇಕಾದ 50 ಮೀಟರಿನಲ್ಲಿ ಬೆಳಕಿರುವುದಿಲ್ಲ. ಹತ್ತಿರದ ಬೆಳಕು ಹೆಚ್ಚಾದಷ್ಟೂ ಕಣ್ಣಿನ ಪಾಪೆ ಸಣ್ಣದಾಗಿ ದೂರದ್ದು ಇನ್ನೂ ಕತ್ತಲಾಗುತ್ತದೆ. ಹುಬ್ಬಳ್ಳಿ–ಧಾರವಾಡ ಬೈಪಾಸ್ ವರ್ಷಗಟ್ಟಲೆ ನಡುವೆ ಡಿವೈಡರ್ ಇಲ್ಲದ ಎರಡು ಲೇನಿನ ರಸ್ತೆಯಾಗಿತ್ತು. ಗಬ್ಬೂರಿನಿಂದ ನರೇಂದ್ರದವರೆಗೆ ಅಲ್ಲಿ ರಾತ್ರಿ ಗಾಡಿ ಓಡಿಸಿದವರಿಗೆ ಎದುರಿನ ಬಿಳಿ ಬೆಳಕಿಗೆ ಕುರುಡಾಗುವುದು ಎಂದರೇನೆಂದು ಬೇರೆ ಹೇಳಬೇಕಿಲ್ಲ.

ಕಾನೂನೂ ಇದನ್ನೇ ಹೇಳುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಬೆಳಕು ಕೆಳಕ್ಕೆ ಬಾಗಿರಬೇಕು ಇಲ್ಲವೇ ಡ್ರೈವರ್ ಬಾಗಿಸುವಂತಿರಬೇಕು, ಲೈಟಿನಿಂದ 8 ಮೀಟರ್ ದೂರದಲ್ಲಿರುವವನ, ನೆಲದಿಂದ ಒಂದೂವರೆ ಮೀಟರ್ ಎತ್ತರದ ಕಣ್ಣನ್ನು ಕುಕ್ಕಬಾರದು. ನೀಲಿ ಬಣ್ಣ ಬಳಿದ ಹ್ಯಾಲೋಜೆನ್ ಬಲ್ಬೂ ಬೇಡ, ಆ ಬಣ್ಣ ಬೆಳಕನ್ನೇ ನುಂಗುತ್ತದೆ. ಒಳ್ಳೆಯ ಕಂಪನಿಯ ಸಾದಾ 60/55 ಜೋಡಿಯಾಗಿ ಬದಲಿಸಿ. ಗಾಜಿನ ಭಾಗವನ್ನು ಕೈಯಿಂದ ಮುಟ್ಟಬೇಡಿ. ಬೆರಳಿನ ಜಿಡ್ಡು ಕೂತ ಕಡೆ ಗಾಜು ಹೆಚ್ಚು ಕಾಯ್ದು ಬಲ್ಬ್ ಬೇಗ ಹೋಗುತ್ತದೆ.

ಗೋಡೆಯ ಮುಂದೆ

ಬೆಳಕು ಹೆಚ್ಚಿದ ಮೇಲೆ ಅದನ್ನು ಎಲ್ಲಿಗೆ ಬಿಡುತ್ತೀರಿ ಎಂಬುದು ದೊಡ್ಡ ಜವಾಬ್ದಾರಿ. ನಾನು ಎಪಿಎಂಸಿ ಗೋದಾಮಿನ ಗೋಡೆಯ ಮುಂದೆ ಮಾಡಿದೆ. ನೆಲ ಮಟ್ಟಸವಾಗಿರಬೇಕು, ಟೈರಿನ ಗಾಳಿ ಸರಿ ಇರಬೇಕು, ಒಬ್ಬರು ಡ್ರೈವರ್ ಸೀಟಿನಲ್ಲಿ ಕೂತಿರಬೇಕು. ಮಾಲು ಹೇರಿ ಓಡಾಡುವ ಗಾಡಿಯಾದರೆ ಹೇರಿಯೇ ನಿಲ್ಲಿಸಿ. ಹಿಂದೆ ಭಾರ ಬಿದ್ದರೆ ಮೂತಿ ಮೇಲೇಳುತ್ತದೆ, ಖಾಲಿ ಗಾಡಿಯಲ್ಲಿ ಹೊಂದಿಸಿದ ಡಿಪ್ ಮಾರ್ಕೆಟ್ ದಿನ ಬ್ರೈಟ್ ಆಗಿಬಿಡುತ್ತದೆ. ಇದು ನಮ್ಮ ಕಡೆಯ ತರಕಾರಿ ವ್ಯಾನುಗಳಲ್ಲಿ ಯಾರೂ ಗಮನಿಸದ ದೋಷ.

ಗೋಡೆಯಿಂದ 10 ಮೀಟರ್ ದೂರ ನಿಲ್ಲಿಸಿ, ಲೈಟಿನ ನಡುಮಧ್ಯ ನೆಲದಿಂದ ಎಷ್ಟು ಎತ್ತರವಿದೆ ಅಳೆದು ಗೋಡೆಯ ಮೇಲೆ ಅಷ್ಟೇ ಎತ್ತರಕ್ಕೆ ಸುಣ್ಣದ ಗೆರೆ ಎಳೆಯಿರಿ. ಅದರ ಕೆಳಗೆ 10 ಸೆಂ.ಮೀ.ಗೆ ಇನ್ನೊಂದು ಗೆರೆ. ಡಿಪ್ ಹಾಕಿದಾಗ ಬೆಳಕಿನ ಮೇಲಂಚು ಕೆಳಗಿನ ಗೆರೆಗೆ ಕೂಡಬೇಕು. ಎಡಗಡೆಯ ಅಂಚು ಸ್ವಲ್ಪ ಮೇಲಕ್ಕೇಳುತ್ತದೆ, ಅದು ದೋಷವಲ್ಲ, ರಸ್ತೆಯಂಚಿನಲ್ಲಿ ನಡೆಯುವವರು ಕಾಣಲೆಂದೇ ಹಾಗೆ ಮಾಡಿದ್ದು. ಬಲಕ್ಕೆ ಮೇಲೇಳುತ್ತಿದ್ದರೆ ನಿಮಗೆ ಬಲಗಡೆ ಓಡಿಸುವ ದೇಶದ ಲೈಟ್ ಬಾಕ್ಸ್ ಕೊಟ್ಟಿದ್ದಾರೆ, ವಾಪಸ್ ಕೊಡಿ. ಒಂದು ಲೈಟಿಗೆ ಗೋಣಿಚೀಲ ಮುಚ್ಚಿ ಇನ್ನೊಂದನ್ನು ಹೊಂದಿಸಿ, ಇಲ್ಲದಿದ್ದರೆ ಯಾವುದು ಯಾರದ್ದು ತಿಳಿಯುವುದಿಲ್ಲ.

ಇಷ್ಟೆಲ್ಲ ಆದರೂ ಮಂದ ಅನಿಸಿದರೆ ಡ್ರೈವರ್ ಮುಂದಿನ ದೊಡ್ಡ ಗಾಜನ್ನು (ವಿಂಡ್‌ಶೀಲ್ಡ್) ಒಳಗಿನಿಂದಲೂ ಒರೆಸಿ, ಸವೆದ ವೈಪರ್ ರಬ್ಬರ್ ಬದಲಿಸಿ. ವಯಸ್ಸು ನಲವತ್ತೈದು ದಾಟಿದ್ದರೆ ಒಮ್ಮೆ ಕಣ್ಣಿನ ಡಾಕ್ಟರಿಗೂ ತೋರಿಸಿ. ಪೊರೆ ಶುರುವಾದವರಿಗೆ ಮೊದಲು ತೊಂದರೆ ಕೊಡುವುದು ಎದುರಿನ ಲೈಟು.

ಕೊನೆಗೆ ಒಂದು ಪರೀಕ್ಷೆ ಬಾಕಿ. ಎಂಜಿನ್ ಚಾಲು ಇಟ್ಟು ಬ್ರೈಟ್ ಹಾಕಿ ಹದಿನೈದು ನಿಮಿಷ ಬಿಡಿ. ಆಮೇಲೆ ಲೈಟ್ ಆರಿಸಿ, ಬ್ಯಾಟರಿಯ ಫ್ಯೂಸಿನಿಂದ ಶುರು ಮಾಡಿ ರಿಲೇ, ಪ್ರತಿ ಲಗ್, ಅರ್ಥ್ ಬೋಲ್ಟ್ ತನಕ ಒಂದೊಂದನ್ನೇ ಬೆರಳಿನಿಂದ ಮುಟ್ಟುತ್ತ ಬನ್ನಿ. ರಿಲೇ ಬೆಚ್ಚಗಿದ್ದರೆ ಸಹಜ. ಆದರೆ ಯಾವುದಾದರೂ ಒಂದು ಜೋಡಣೆ ಪಕ್ಕದ ವೈರಿಗಿಂತ ಬಿಸಿ ಇದ್ದರೆ ಆ ಲಗ್ ಕತ್ತರಿಸಿ ಹೊಸದು ಹಾಕಿ, ಮತ್ತೆ ಹದಿನೈದು ನಿಮಿಷ ಉರಿಸಿ ನೋಡಿ.